ಗುಂಪು ಫೋಟೋ

ಏಳನೇ ಕ್ಲಾಸಿನ ಫೋಟೋ ತಂದಿದ್ದಾಳೆ ಮುನಿಗಂಗಮ್ಮ
ಬಾಗೇಪಲ್ಲಿ ಕಡೆಯ ಗ್ರಾಮಸಭೆಗೆ.
ಸೆರಗಿನಲ್ಲಿ ಒರೆಸಿ ಮೇಜಿನ ಮೇಲಿಟ್ಟಳು:

"ಎಣಿಸಿ ಸಾರ್. ಇಪ್ಪತ್ತಾರು ಬಾಯಿ.
ಊರೊಳಗಿನ ಮಕ್ಕಳವು ತೆರೆದಿವೆ,
ನಮ್ಮ ಕಾಲೋನಿಯ ಹನ್ನೊಂದೂ ಮುಚ್ಚಿವೆ."

ಫಿಲ್ಟರ್ ನೀರಿನ ಘಟಕ ಊರಬಾಗಿಲಲ್ಲಿ;
ಕ್ಯಾನಿಗೆ ಐದು ರೂಪಾಯಿ, ನಡೆದರೆ ಅರ್ಧ ಮೈಲಿ.
ಕಾಲೋನಿಗೆ ಹಳೇ ಬೋರ್‌ವೆಲ್ಲೇ ಗತಿ.
ಅದರ ಫ್ಲೋರೈಡು
ಹಾಲುಹಲ್ಲು ಬಿದ್ದ ಜಾಗಕ್ಕೆ ಬಂದ ಹೊಸ ಹಲ್ಲಿನ ಮೇಲೆ
ಕಂದು ಗೆರೆ ಎಳೆಯುತ್ತದೆ,
ಆಮೇಲೆ ಮೊಣಕಾಲಿಗೂ ಇಳಿಯುತ್ತದೆ.

ಹಿಂದೆ ಕೂತ ಹೆಂಗಸರು ಒಬ್ಬೊಬ್ಬರೇ ಎದ್ದರು.
ಕಾರ್ಯದರ್ಶಿ ಬರೆದ:
"ಕುಡಿಯುವ ನೀರಿನ ಬಗ್ಗೆ ಚರ್ಚಿಸಲಾಯಿತು."

"ಹೊಡೆದುಹಾಕಿ ಅದನ್ನ," ಎಂದಳು.
"ಫೋಟೋದವನು ಮೂರು ಸಲ 'ನಗ್ರಪ್ಪಾ' ಅಂದ.
ಅದನ್ನ ಬರೀರಿ.
ಬರೆದ ಮೇಲೆ ಕೇಳಿ ಹೆಬ್ಬೆಟ್ಟು."