ಎಳೆ ಲೆಕ್ಕ

ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸು ನಿಲ್ಲುವಂತಿಲ್ಲ.
ಹಾಗಾಗಿ ಕಲಾಸಿಪಾಳ್ಯದ ಒಂದು ಲಾಡ್ಜು,
ಮೂರನೇ ಮಹಡಿ, ಕೋಣೆ ಹದಿನೇಳು,
ಬಿಸಿನೀರು ಆರರಿಂದ ಏಳು.
ರಿಜಿಸ್ಟರಿನಲ್ಲಿ 'ಬಂದ ಉದ್ದೇಶ' ಎಂಬಲ್ಲಿ
'ಕಣ್ಣು' ಎಂದು ಬರೆದೆ.
ಮುನಿಹೊನ್ನಪ್ಪ ಕನ್ನಡಕ ಏರಿಸಿ ಓದಿ
'ಮಿಂಟೋನಾ?' ಅಂದು ಬೀಗದಕೈ ಕೊಟ್ಟರು.

ಕಿಟಕಿ ತೆರೆದರೆ ಊರಿನ ಬೆನ್ನು:
ತುಕ್ಕು ಹಿಡಿದ ಕೊಳವೆ, ಗೋಡೆ ಸೀಳಿ ಹೊರಟ ಅರಳಿಸಸಿ,
ಯಾರದೋ ತಾರಸಿಯಲ್ಲಿ ಒಣಗುವ ಹಸಿರು ಲುಂಗಿ,
ಅದರಾಚೆ, ಬಸ್ಸುಗಳ ಹೊಗೆಯಲ್ಲಿ,
ಬೇಸಿಗೆ ಅರಮನೆಯ ಸೂರಿನ ಒಂದು ಚೂರು.

ಚಿಗವ್ವನ ಎರಡೂ ಕಣ್ಣಿಗೆ ಪಟ್ಟಿ.
ನಲವತ್ತು ವರ್ಷ ಸೀರೆಯ ಸೆರಗಿನ ಮೇಲೆ
ಎಳೆ ಎಣಿಸಿ ಎಣಿಸಿ ಕಸೂತಿ ಹಾಕಿದ ಕಣ್ಣು.
ಗೋಪುರ, ಆನೆ, ಹಂಸ, ತುಳಸಿಕಟ್ಟೆ,
ಒಂದು ಗೆರೆ ಎಳೆದುಕೊಳ್ಳದೆ, ಒಂದು ಗಂಟು ಬಿಡದೆ.
'ಸುಮ್ನ ಕುಂಡ್ರಬ್ಯಾಡೋ' ಅಂದಳು,
'ಊರು ನೋಡ್ಕೊಂಬಾ. ನೋಡಿದ್ದು ನನಗ ಹೇಳು.'

ಮೊದಲ ದಿನ ನಾನು ಹೇಳಿದ್ದು:
ದೊಡ್ಡದೈತಿ, ಚಂದೈತಿ, ಹಳೇದೈತಿ.
ಅವಳು ಗೋಡೆ ಕಡೆ ಹೊರಳಿಕೊಂಡಳು.

ಮರುದಿನ ಟಿಕೆಟ್ ತೆಗೆದು ಬುಡದಿಂದ ಶುರು ಮಾಡಿದೆ.
ಕಲ್ಲಿನ ಪೀಠ, ಅದರ ಮೇಲೆ ತೇಗದ ಕಂಬ,
ನೆತ್ತಿಯಲ್ಲಿ ಭುಜಕ್ಕೆ ಭುಜ ಕೊಟ್ಟ ಕಮಾನು,
ಕಮಾನಿನ ಅಂಚು, ಕೂಸು ಕಚ್ಚಿಟ್ಟ ರೊಟ್ಟಿಯ ಹಾಗೆ.
'ಎಷ್ಟು ಕಚ್ಚು?' ಅಂದಳು.
ಎಣಿಸಿರಲಿಲ್ಲ. ಮತ್ತೆ ಹೋದೆ.

ಪಕ್ಕದ ವೆಂಕಟರಮಣನ ಗುಡಿಯಲ್ಲಿ ಯಾಳಿಯ ಹಲ್ಲು,
ಕೋಟೆಯ ಉಳಿದ ಬಾಗಿಲಲ್ಲಿ ಮೊಳೆಯ ಸಾಲು,
ಅವೆನ್ಯೂ ರಸ್ತೆಯ ಹಳೇ ಮಳಿಗೆಯ ಮೇಲೆ, ಫ್ಲೆಕ್ಸಿನ ಹಿಂದೆ,
ಅರ್ಧ ಮುಚ್ಚಿದ ಗಾರೆಯ ನವಿಲು.
ಎಲ್ಲದಕ್ಕೂ ಅಂಕಿ ಬೇಕು ಅವಳಿಗೆ.
ಪಕ್ಕದ ಮಂಚದ ಪಿಳ್ಳಮುನಿಯಮ್ಮ ಒಂದು ಸಂಜೆ ತಡೆಯಲಾರದೆ
'ಎಲ್ಲಿ ಕಟ್ಟಿಸ್ತಾ ಇದೀರಕ್ಕಾ ಮನೇನ?' ಎಂದು ಕೇಳಿಬಿಟ್ಟಳು.

ರಾತ್ರಿ ನಿದ್ದೆ ಬಾರದು.
ಮೂರಕ್ಕೆ ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಇಳಿಯುತ್ತಿತ್ತು,
ಸೇವಂತಿಗೆಯ ವಾಸನೆ ಡೀಸೆಲ್ಲಿನ ಮೇಲೆ ಕೂತು
ಮೂರು ಮಹಡಿ ಹತ್ತಿ ಬರುತ್ತಿತ್ತು.
ನಾನು ಕತ್ತಲಲ್ಲಿ ಕಂಬ ಎಣಿಸುತ್ತಿದ್ದೆ.

ದಿನಕ್ಕೆರಡು ಸಲ ಬರುವ ನನ್ನನ್ನು
ಕಾವಲಿನ ಷಫೀವುಲ್ಲಾ ಸಂಶಯದಿಂದ ನೋಡಿ ನೋಡಿ
ಐದನೆಯ ದಿನ ಕೇಳಿಯೇಬಿಟ್ಟ. ಹೇಳಿದೆ.
ಆಮೇಲೆ ಅವನೇ ಟಾರ್ಚು ಹಿಡಿದು
ಮಹಡಿಯ ಮೂಲೆಕೋಣೆಯ ಗೋಡೆಗೆ ಬೆಳಕು ಬಿಟ್ಟ:
ಇಟ್ಟಿಗೆಗೆಂಪಿನ ಮೇಲೆ ಬಳ್ಳಿ, ಬಳ್ಳಿಯ ತುಂಬ ಹೂ,
ಬಣ್ಣ ಯಾವಾಗಲೋ ಹೊರಟುಹೋಗಿ
ಅರಿಸಿನ ತೊಳೆದ ಅಂಗೈಯ ಹಾಗೆ ಉಳಿದ ಹಳದಿ.
'ಎಂಟು ಎಸಳು' ಅಂದೆ ಆ ಸಂಜೆ, 'ಎಲ್ಲಾ ಹೂವಿಗೂ ಎಂಟು.'
ಚಿಗವ್ವನ ಹೆಬ್ಬೆರಳು ಬೆರಳ ಗೆಣ್ಣುಗಳ ಮೇಲೆ ನಡೆಯಿತು.
'ಎಂಟಂದ್ರ ಮುರಗಿ ಹಾಕಬಹುದು.'
ನನಗಲ್ಲ, ತನಗೇ ಹೇಳಿಕೊಂಡದ್ದು.

ಹತ್ತನೆಯ ದಿನ ಪಟ್ಟಿ ಬಿಚ್ಚಿದರು.
ಕಪ್ಪು ಕನ್ನಡಕ, ಹನಿಹಾಕುವ ಮೂರು ಬಾಟಲಿ,
ಆರು ತಿಂಗಳು ಸೂಜಿ ಹಿಡಿಯಬಾರದೆಂಬ ಚೀಟಿ.
ಬಸ್ಸಿಗೆ ಇನ್ನೂ ನಾಲ್ಕು ತಾಸು.
ಕಡಿದಾದ ಮೆಟ್ಟಿಲು ಕೂತು ಕೂತು ಹತ್ತಿದಳು,
ಕನ್ನಡಕ ತೆಗೆದು ಗೋಡೆಗೆ ಮೂಗು ತಾಗುವಷ್ಟು ಹತ್ತಿರ.
'ಮುಟ್ಟಬಾರದಮ್ಮಾ' ಅಂದ ಷಫೀವುಲ್ಲಾ.
ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು,
ಶಾಲೆಯ ಹುಡುಗಿಯ ಹಾಗೆ.

ಬಹಳ ಹೊತ್ತಾದ ಮೇಲೆ,
'ಎಲ್ಲಾ ಎಂಟಲ್ಲೋ. ಬಾಗಿಲ ಕಡಿಂದ ಮೂರನೇದು. ಏಳು.'
ನಾನು ಎಣಿಸಿದೆ. ಏಳು.
ಹನ್ನೊಂದು ವರ್ಷ ಕಾದ ಷಫೀವುಲ್ಲಾ ಎಣಿಸಿದ,
ಟಾರ್ಚು ಕುಟ್ಟಿ ಮತ್ತೊಮ್ಮೆ ಎಣಿಸಿದ.
'ಪಾಪ, ಹೊತ್ತು ಮುಣುಗಿರಬೇಕು' ಅಂದಳು ಚಿಗವ್ವ,
'ಇಲ್ಲಾ ಅವನ ಕಣ್ಣೂ...'
ಅಷ್ಟಕ್ಕೇ ಬಿಟ್ಟು ಕನ್ನಡಕ ಹಾಕಿಕೊಂಡಳು.

ಚಿಕ್ಕಪೇಟೆಯಲ್ಲಿ ರೇಷ್ಮೆ ದಾರ ಕೊಂಡಳು, ಆ ಹಳದಿಯೇ,
ಅಂಗಡಿಯವನ ಮೂವತ್ತೆರಡು ಹಳದಿಯಲ್ಲಿ ಹುಡುಕಿ.
ಚೀಟಿಯ ಮಾತು ನಾನು ಎತ್ತಲಿಲ್ಲ.

ತುಮಕೂರು ದಾಟಿದ ಮೇಲೆ,
ಮಲಗಿದ್ದಾಳೆ ಅಂದುಕೊಂಡಿದ್ದೆ, ಕೇಳಿದಳು:
'ನಿನ್ನ ಕ್ವಾಣಿ ಕಿಟಕ್ಯಾಗಿಂದ ಏನ ಕಾಣತಿತ್ತು?
ಅದೊಂದು ಹೇಳಲೇ ಇಲ್ಲ ನೀ.'
ಕೊಳವೆಯಿಂದ ಶುರು ಮಾಡಿದೆ.