ಅನುಬಂಧ ಎಫ್

ಜಾಲರಿಯ ಆಚೆಯಿಂದ ಉಜ್ವಲಾ ವಕೀಲರು ಕೇಳಿದರು:
ಬ್ಯಾರಕ್ಕಿನ ಉದ್ದ ಎಷ್ಟು, ಅಗಲ ಎಷ್ಟು?
ಉಸಿರು ಕಟ್ಟುತ್ತದೆ ಅಂದರೆ ಸಾಲದು,
ಕೋರ್ಟಿಗೆ ಅಂಕಿ ಬೇಕು.

ನನಗೆ ನಗು ಬಂತು.
ಹನ್ನೊಂದು ವರ್ಷ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ
ಕಾಣದ ದೇಶದ ಗಂಡಸರಿಗೆ ಕಾಲರು ಹೊಲಿದವಳು.
ಹದಿನೈದೂವರೆಯೋ ಹದಿನಾರೋ
ಕಣ್ಣಲ್ಲೇ ಹೇಳುತ್ತಿದ್ದೆ.
ಇಲ್ಲಿ ಟೇಪು ಕೊಡುವುದಿಲ್ಲ,
ಕೊರಳಿಗೆ ಸಾಕಾಗುವಷ್ಟು ಉದ್ದ ಅದು.

ಸೀರೆಯ ಅಂಚು ಹರಿದೆ.
ಮೊಳಕ್ಕೊಂದು ಗಂಟು,
ಗೇಣಿಗೊಂದು ಸಾರಿನ ಅರಿಸಿನದ ಗೆರೆ.
ದೀಪ ಆರಿಸದ ರಾತ್ರಿಯಲ್ಲಿ
ಮಲಗಿದವರನ್ನು ದಾಟಿ ದಾಟಿ ಅಳೆದೆ.
ಹನ್ನೆರಡು ಮೊಳದ ಪಟ್ಟಿ ಮೂರು ಸಲ ಹಾಸಿತು.
ಎರಡು ಸಾಲು. ನಲವತ್ತೇಳು ಜನ.
ತಲೆಗೆ ಒಂದೂವರೆ ಮೊಳ.
ಒಬ್ಬಳು ಮಗ್ಗುಲಾದರೆ ಸಾಲೇ ಮಗ್ಗುಲಾಗಬೇಕು.
ಫಿಲೋಮಿನಾಳ ಮಗ ಲೆಕ್ಕಕ್ಕಿಲ್ಲ,
ತಾಯಿಯ ಮೊಣಕೈಗೂ ಗೋಡೆಗೂ ನಡುವೆ
ಕತ್ತರಿಸಿ ಉಳಿದ ತುಂಡಿನಂಥವನು.

ಕಕ್ಕಸು ಎರಡು. ಒಂದು ಯುಗಾದಿಯಿಂದ ಕಟ್ಟಿಕೊಂಡಿದೆ.
ಇನ್ನೊಂದಕ್ಕೆ ಬಾಗಿಲಿಲ್ಲ,
ಹೊದೆಯುವ ಕಂಬಳಿಯನ್ನೇ ಇಳಿಬಿಟ್ಟಿದ್ದೇವೆ.
ಮುಟ್ಟಿನ ಬಟ್ಟೆ ಒಣಗಿಸಲು
ಕಿಟಕಿಯ ಕೆಳಗೆ ಒಂದು ಗೇಣು ಬಿಸಿಲು,
ಮಧ್ಯಾಹ್ನ ಅರ್ಧ ತಾಸು, ಅದಕ್ಕೂ ಪಾಳಿ.
ಕಜ್ಜಿ ಈ ತೋಳಿಂದ ಆ ತೋಳಿಗೆ
ಓಡುಹೊಲಿಗೆಯ ಹಾಗೆ ಹೋಯಿತು.

ನಾತಕ್ಕೆ ಗಂಟು ಹಾಕಲು ಬರಲಿಲ್ಲ.

ಗೇಟಿನಲ್ಲಿ ಮೂರು ಸಲ ಬಿಚ್ಚಿ ನೋಡಿ
ಮೊಹರು ಒತ್ತಿ ಬಿಟ್ಟರು ಸುರುಳಿಯನ್ನು.
ಇದನ್ನು ಅರ್ಜಿಗೆ ಲಗತ್ತಿಸುತ್ತೇನೆ,
ಅನುಬಂಧ ಎಫ್, ಅಂದರು ಉಜ್ವಲಾ.
ಋಣಾನುಬಂಧ ಅಂತ ಕೇಳಿದ್ದೆ.
ಎಫ್ ಅಂತ ಒಂದಿದೆಯೆಂದು ಗೊತ್ತಿರಲಿಲ್ಲ.

ಕೋರ್ಟಿನ ಕಮಿಷನರು ಬರುವ ಹಿಂದಿನ ದಿನ
ಸುಣ್ಣ, ಫಿನಾಯಿಲು, ಬಾಗಿಲಿಲ್ಲದ್ದಕ್ಕೆ ಬಾಗಿಲು.
ಅರ್ಧ ಜನರನ್ನು ಅಡುಗೆಮನೆಯ ಹಿಂದೆ ಕೂರಿಸಿದರು.
ಗೋಡೆಯನ್ನು ಸರಿಸಲು ಮಾತ್ರ ಆಗಲಿಲ್ಲ.
ಆಕೆಯ ಉಕ್ಕಿನ ಟೇಪಿಗೂ ನನ್ನ ಪಟ್ಟಿಗೂ
ಒಂದೇ ಅಂಗುಲ ವ್ಯತ್ಯಾಸ.
ಗಂಟು ತಿಂದ ಅಂಗುಲ ಅದು.

ಆ ವಾರವೇ ಸಣ್ಣೀರಮ್ಮನ ಕೆಮ್ಮು ನಿಂತಿತು.
ಆಸ್ಪತ್ರೆಗೆ ಒಯ್ಯಲು ಬೆಂಗಾವಲಿಲ್ಲವೆಂದು
ಒಂಬತ್ತು ದಿನ ಬರೆದಿದ್ದರು, ಒಂದೇ ಕೈಬರಹದಲ್ಲಿ.
ಬೆಳಗಿನ ಜಾವ ಎತ್ತಿಕೊಂಡು ಹೋದರು.
ಮರುರಾತ್ರಿ ನೋಡಿದರೆ
ಅವಳ ಒಂದೂವರೆ ಮೊಳ
ಆ ಮಗ್ಗುಲು ಈ ಮಗ್ಗುಲಿನವರ ಮೈಯಿಂದ
ತಾನಾಗಿ ಮುಚ್ಚಿಹೋಗಿತ್ತು.
ಯಾರೂ ಬೇಕಂತ ಮಾಡಿದ್ದಲ್ಲ.

ವಿಚಾರಣೆಯ ದಿನ
ನನ್ನನ್ನು ಆ ಕೆಂಪು ಕಟ್ಟಡಕ್ಕೆ ಒಯ್ಯಲಿಲ್ಲ,
ಟಿವಿಯ ಮುಂದೆ ಕೂರಿಸಿದರು.
ನ್ಯಾಯಮೂರ್ತಿಗಳ ಅರ್ಧ ಮುಖ,
ಹಿಂದೆ ಕಿಟಕಿಯಲ್ಲಿ ಕಬ್ಬನ್ ಪಾರ್ಕಿನ
ಒಂದು ಚೂರು ಹಸಿರು.
ಸರ್ಕಾರಿ ವಕೀಲರು ಎದ್ದರು:
ಸ್ವಾಮಿ, ಇದೆಲ್ಲ ಉತ್ಪ್ರೇಕ್ಷೆ.
ಅರ್ಜಿದಾರಳು ಪ್ರಮಾಣ ಮಾಡಿದ್ದು ನಲವತ್ತೇಳು,
ಹಾಜರಿ ಪುಸ್ತಕದಲ್ಲಿ ಇರುವುದು ನಲವತ್ತಾರು.

ನಾನು ಬಾಯಿ ತೆರೆದೆ. ಮೈಕು ಮುಚ್ಚಿತ್ತು.
ಅಲ್ಲಿಯ ಗೋಡೆಯ ಮೇಲೆ ನನ್ನ ತುಟಿ
ಎಷ್ಟು ದೊಡ್ಡದಾಗಿ ಆಡಿತೋ.
ನ್ಯಾಯಮೂರ್ತಿಗಳು ಪಟ್ಟಿಯನ್ನು ಮೇಜಿನ ಮೇಲೆ ಬಿಚ್ಚಿದರು.
ಅದು ಮೇಜು ದಾಟಿತು, ಕೆಳಗಿಳಿಯಿತು,
ಗಂಟು ಗಂಟಾಗಿ ಇಳಿಯುತ್ತಲೇ ಹೋಯಿತು.
ಅಲ್ಲಿಗೆ ಚಿತ್ರ ನಿಂತಿತು.

ಎಂಟು ವಾರ ಅಂದರಂತೆ.
ಅಂಚು ಹೋದ ಸೀರೆಯಿಂದ ದಿನಕ್ಕೊಂದು ಎಳೆ ಬಿಚ್ಚುತ್ತದೆ,
ಅದರಲ್ಲೇ ಎಣಿಸುತ್ತಿದ್ದೇನೆ.

ನಿನ್ನೆ ಸಂಜೆ ಹೊಸಬಳು ಬಂದಳು.
ತಟ್ಟೆ, ಚೊಂಬು, ಕಂಬಳಿ. ಹತ್ತೊಂಬತ್ತು ವರ್ಷ.
ಎಲ್ಲಿ ಮಲಗಲಿ ಅಕ್ಕಾ, ಅಂದಳು.
ಸಾಲಿನುದ್ದಕ್ಕೂ ಒಬ್ಬೊಬ್ಬರು ಬೆರಳಗಲ ಸರಿದೆವು.
ಅವಳ ಭುಜ ಕಣ್ಣಲ್ಲೇ ಅಳೆದೆ, ಹದಿಮೂರೂವರೆ.
ಅರ್ಜಿಯ ಲೆಕ್ಕ ಮತ್ತೆ ಸರಿಹೋಯಿತು.