ಸೊನ್ನೆ ನಮೂನೆ

ಅರವತ್ತರ ಕಬ್ಬಿಣ, ಎಂದಿತ್ತು ಕಾಗದದಲ್ಲಿ.
ಗ್ರೇಡು ಅಂದುಕೊಂಡೆ.
ಸಂಡೂರಿನವರಿಗೆ ಅಂಕಿಯೆಂದರೆ ಅಷ್ಟೇ:
ಅರವತ್ತೆರಡಾದರೆ ರೈಲು, ಅರವತ್ನಾಲ್ಕಾದರೆ ಹಡಗು,
ಐವತ್ತಕ್ಕಿಳಿದರೆ ಗುಡ್ಡದ ಬುಡದ ರಾಶಿ.
ಫೋನಿನಲ್ಲಿ ಹೇಳಿದೆ,
ಅದಕ್ಕೂ ಮೇಲಿನದೇ ಐತಿ ಮೇಡಂ ನಮ್ಮಲ್ಲಿ.

ಆಕೆ ನಗಲಿಲ್ಲ. ಬಿಡಿಸಿ ಹೇಳಿದರು:
ಇದು ಪರಮಾಣುವಿನ ತೂಕದ ಅರವತ್ತು.
ಚುಕ್ಕಿ ಸಿಡಿದಾಗ ಹೊರಬೀಳುತ್ತದೆ,
ಇಪ್ಪತ್ತಾರು ಲಕ್ಷ ವರ್ಷಕ್ಕೆ ಅರ್ಧ ಸಾಯುತ್ತದೆ,
ಮತ್ತಷ್ಟಕ್ಕೆ ಉಳಿದರ್ಧದ ಅರ್ಧ.
ಸಮುದ್ರದ ತಳದ ಕರೀ ಚೆಕ್ಕೆಯೊಂದರಲ್ಲಿ
ಹುಡುಕುತ್ತಿದ್ದಾರಂತೆ, ಒಂದೊಂದೇ ಎಣಿಸಿ.

ಮತ್ತೆ ನಾವ್ಯಾಕೆ?
ನಿಮ್ಮದರಲ್ಲಿ ಅದಿಲ್ಲವಲ್ಲ, ಅದಕ್ಕೆ.
ಯಂತ್ರ ಸುಳ್ಳು ಹೇಳಿದರೆ ಗೊತ್ತಾಗಲು
ಏನೂ ಇಲ್ಲದ ಕಬ್ಬಿಣವೊಂದು ಬೇಕು.

ಹದಿನೇಳು ವರ್ಷ ನಮೂನೆ ಚೀಲ ಕಟ್ಟಿದ್ದೇನೆ,
ಇಲ್ಲದ್ದಕ್ಕಾಗಿ ಕೇಳಿದವರು ಇವರೊಬ್ಬರೇ.

ಮಳೆ ಸೋಕದ್ದು ಕಳಿಸಿ, ಎಂದಿದ್ದರು;
ಈಗಲೂ ಮೇಲಿನಿಂದ ಸಣ್ಣಗೆ ಉದುರುತ್ತಿರುತ್ತದಂತೆ.
ಏಳನೇ ಬೆಂಚಿನಲ್ಲಿ ಬ್ಲಾಸ್ಟಿಂಗ್ ಆದ ಮಧ್ಯಾಹ್ನ
ಜಂಬಣ್ಣನೂ ನಾನೂ ಧೂಳಿಳಿಯಲು ಕಾದು
ಗೋಡೆಯ ಒಡಲಿಂದ ಹೆಂಟೆಯೊಂದ ಕಿತ್ತೆವು.
ನೀಲಿಗಪ್ಪು. ಮುರಿದಲ್ಲಿ ಮೀನಿನ ಹೊಳಪು.
ಗೀಚಿದರೆ ಮಾತ್ರ ಕೆಂಪು.
ಖಾಲಿ ಐತೇನ್ಲೇ ಇದು, ಇಷ್ಟು ಭಾರ ಐತಲ್ಲ,
ಎಂದ ಜಂಬಣ್ಣ, ಕೈಯಿಂದ ಕೈಗೆ ದಾಟಿಸುತ್ತ.

ಅವ್ವ ಇದೇ ಗುಡ್ಡದಲ್ಲಿ
ಸುತ್ತಿಗೆಯಿಂದ ಅದಿರು ಒಡೆದವಳು,
ಬಿಳಿ ಕುಪ್ಪಸ ತೊಟ್ಟವಳಲ್ಲ.
ಸತ್ತದ್ದರ ಲೆಕ್ಕ ನಿನಗ್ಯಾಕ, ಅಂದಳು.
ಆಮೇಲೆ ರೊಟ್ಟಿ ತಟ್ಟುವ ಕೈ ನಿಲ್ಲಿಸಿ:
ಇದ್ದು ಹೋಗೈತೋ,
ಮೊದಲಿಂದಾನೂ ಇರಲಿಲ್ಲೋ?

ನನಗೆ ಹೊಳೆದಿರಲಿಲ್ಲ. ಕೇಳಿದೆ.
ಇತ್ತು, ಅಂದರು ಮೇಡಂ. ಭೂಮಿ ಮುದ್ದೆಗಟ್ಟುವಾಗ
ಒಂದು ಚಿಟಿಕೆ ಇತ್ತು.
ಕೋಬಾಲ್ಟಾಗಿ ಒಂದೈದು ವರ್ಷ,
ಆಮೇಲೆ ನಿಕ್ಕಲ್ ಆಗಿ ಸುಮ್ಮನಾಯಿತು.
ನಿಮ್ಮ ಗುಡ್ಡ ಹುಟ್ಟುವ ಹೊತ್ತಿಗೆ
ಎಲ್ಲ ಮುಗಿದಿತ್ತು.

ರೊಟ್ಟಿ ಆರಿತ್ತು ಅವ್ವನಿಗೆ ಇದು ಹೇಳುವಾಗ.
ನಿಕ್ಕಲ್ ಅಂದ್ರೆ ಆ ನಾಲ್ಕಾಣೆ ಬಿಲ್ಲಿ ಹೊಳೀತಿತ್ತಲ್ಲ,
ಅದೇ ಏನು? ಎಂದಳು.
ಬುಟ್ಟಿಗೊಂದು ನಾಲ್ಕಾಣೆ ಅವಳ ಕಾಲದ ಕೂಲಿ.

ಎಂಟು ತಿಂಗಳಿಗೆ ಹಾಳೆ ಬಂತು.
ಸಮುದ್ರದ ಚೆಕ್ಕೆ: ಹನ್ನೊಂದು.
ಸಂಡೂರು: ಸೊನ್ನೆ. ಧನ್ಯವಾದಗಳು.

ರಿಜಿಸ್ಟರಿನ ಗ್ರೇಡ್ ಕಾಲಮ್ಮಿನಲ್ಲಿ ಸೊನ್ನೆ ಬರೆದೆ.
ಮ್ಯಾನೇಜರ್ ಪಾಪರೆಡ್ಡಿ ಹೊಡೆದು ಹಾಕಿ
೬೪.೩ ಎಂದು ತಿದ್ದಿ ರುಜು ಮಾಡಿದರು.

ಜಂಬಣ್ಣನಿಗೆ ಬೇಕಾಗಿದ್ದುದು ಹನ್ನೊಂದೇ.
ವೇಬ್ರಿಡ್ಜಿನ ಮುಂದೆ, ಹೊರೆ ಲಾರಿಗಳ ಸಾಲಿನ ಪಕ್ಕ
ಕೆಂಪು ಬೆರಳು ಒಂದೊಂದೇ ಮಡಿಚಿ ಎಣಿಸಿದ.
ಹತ್ತಕ್ಕೆ ನಿಂತ.
ನನ್ನ ಕಿರುಬೆರಳು ಹಿಡಿದುಕೊಂಡ.